ಹಾಮ್ ನಗರದ ಹಲ್ಲಿ ಸಂತೆ

ಬರ್ಲಿನ್ನಿನಿಂದ ಪಶ್ಚಿಮಕ್ಕೆ ಹೊರಡುವ ವೇಗದ ರೈಲುಗಳಲ್ಲಿ ಹಲವು, ಹಾಮ್ ನಿಲ್ದಾಣವನ್ನು ಮುಟ್ಟಿದೊಡನೆ ಎರಡು ತುಂಡಾಗುತ್ತವೆ. ಒಂದು ತುಂಡು ಡಾರ್ಟ್‌ಮುಂಡಿನ ಮೇಲೆ ಡುಸೆಲ್‌ಡಾರ್ಫಿಗೆ ಹೋಗುವುದು. ಇನ್ನೊಂದು ವುಪರ್ಟಾಲಿನ ಮೇಲೆ ಕೊಲೋನಿಗೆ. ತಾವು ಕುಳಿತಿರುವ ಡಬ್ಬಿ ಯಾವ ತುಂಡಿಗೆ ಸೇರಿದ್ದೆಂದು ಪ್ರಯಾಣಿಕರು ಗಾಬರಿಯಿಂದ ವಿಚಾರಿಸಿಕೊಳ್ಳುವ ಊರು ಅದು. ಅಲ್ಲಿ ಇಳಿದು ಊರು ನೋಡುವವರು ಕಡಿಮೆ.

ಇಳಿದರೆ ನಷ್ಟವೇನೂ ಇಲ್ಲ. ಲಿಪ್ಪೆ ನದಿಯ ದಡದ ಈ ನಗರ ಬಹುಕಾಲ ಕಲ್ಲಿದ್ದಲನ್ನು ನಂಬಿ ಬದುಕಿತ್ತು. ಇಲ್ಲಿಯ ಕೊನೆಯ ಗಣಿ 2010ರಲ್ಲಿ ಮುಚ್ಚಿತು. ಕಲ್ಲಿದ್ದಲು ತೊಳೆಯುತ್ತಿದ್ದ ಹಳೆಯ ಕಟ್ಟಡವೊಂದನ್ನು 1984ರ ಉದ್ಯಾನ ಪ್ರದರ್ಶನದ ಕಾಲಕ್ಕೆ ಗಾಜು ಹೊದಿಸಿ ಆನೆಯ ಆಕಾರಕ್ಕೆ ತಂದರು. ಅದರ ಸೊಂಡಿಲು ದೂರಕ್ಕೆ ಕಾಣಿಸುತ್ತದೆ. ಆನೆಯನ್ನು ನೋಡಿ ಬೆರಗಾದ ಭಾರತೀಯನಿಗೆ ಊರ ಹೊರಗಿನ ಊನ್‌ಟ್ರೋಪ್ ಎಂಬ ಭಾಗದಲ್ಲಿ ಇನ್ನೂ ದೊಡ್ಡ ಬೆರಗೊಂದು ಕಾದಿರುವುದು. ಕಾರ್ಖಾನೆಗಳ ನಡುವೆ ದಕ್ಷಿಣ ದೇಶದ ರೀತಿಯ ಗೋಪುರ, ಅದರೊಳಗೆ ಕಾಮಾಕ್ಷಿ ಅಮ್ಮನವರು! ಶ್ರೀಲಂಕೆಯ ಯುದ್ಧದಿಂದ ಓಡಿಬಂದ ತಮಿಳರು 2002ರಲ್ಲಿ ಪ್ರತಿಷ್ಠೆ ಮಾಡಿದ ಈ ದೇವಾಲಯ ಯೂರೋಪಿನ ಅತಿ ದೊಡ್ಡ ಹಿಂದೂ ಗುಡಿಗಳಲ್ಲಿ ಒಂದು. ಬೇಸಿಗೆಯ ರಥೋತ್ಸವಕ್ಕೆ ಸಾವಿರಾರು ಜನ ಸೇರುವರು.

ಆದರೆ ಹಾಮ್ ನಗರಕ್ಕೆ ಜಗತ್ತಿನ ಮೂಲೆ ಮೂಲೆಗಳಿಂದ ಜನ ಬರುವುದು ಆನೆಗೂ ಅಲ್ಲ, ಅಮ್ಮನವರಿಗೂ ಅಲ್ಲ, ಹಲ್ಲಿಗೆ. ವರ್ಷಕ್ಕೆ ನಾಲ್ಕು ಬಾರಿ, ಶನಿವಾರದ ದಿನ, ಇಲ್ಲಿಯ ‘ತ್ಸೆಂಟ್ರಾಲ್‌ಹಾಲೆನ್’ ಎಂಬ ವಿಶಾಲವಾದ ಸಭಾಂಗಣಗಳಲ್ಲಿ ‘ಟೆರಾರಿಸ್ಟಿಕಾ’ ಎಂಬ ಸಂತೆ ನೆರೆಯುತ್ತದೆ. ಹಾವು, ಹಲ್ಲಿ, ಆಮೆ, ಕಪ್ಪೆ, ಜೇಡ, ಚೇಳು, ಇವುಗಳ ಸಂತೆ. ಈ ಬಗೆಯ ಸಂತೆಗಳಲ್ಲಿ ಇದು ಪ್ರಪಂಚದಲ್ಲೇ ಬಹು ದೊಡ್ಡವುಗಳ ಸಾಲಿಗೆ ಸೇರಿದ್ದು.

ಈ ಸಂತೆಯನ್ನು ನಾವು ನೋಡಿದ್ದು ಡಾರ್ಟ್‌ಮುಂಡಿನಲ್ಲಿ ನೆಲೆಸಿರುವ ಮೈಸೂರಿನ ಕುಟುಂಬವೊಂದರ ಅತಿಥಿಗಳಾಗಿ. ಮನೆಯ ಯಜಮಾನರು ಎಂಜಿನಿಯರು. ಅವರ ಹನ್ನೆರಡು ವರ್ಷದ ಮಗಳಿಗೆ ಹಲ್ಲಿಯೊಂದನ್ನು ಸಾಕಬೇಕೆಂಬ ಆಸೆ. ಅದೇ ಸಮಯಕ್ಕೆ ಮೈಸೂರಿನಿಂದ ಬಂದಿದ್ದ ಅಜ್ಜಿಯವರಿಗೆ ಈ ಆಸೆಯ ಸುದ್ದಿ ತಿಳಿದಾಗ ಮನೆಯಲ್ಲಿ ನಡೆದ ಚರ್ಚೆಯನ್ನು ವಾಚಕರು ಊಹಿಸಿಕೊಳ್ಳಬಲ್ಲರು. ಹಲ್ಲಿ ಲೊಚಗುಟ್ಟಿದರೆ ನೆಲವನ್ನು ಬೆರಳಿನಿಂದ ತಟ್ಟಿ ‘ಕೃಷ್ಣ, ಕೃಷ್ಣ’ ಎನ್ನುವ, ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲ ನೋಡುವ ಮನೆತನ ಅದು. “ಊರಲ್ಲಿ ಪೊರಕೆ ಹಿಡಿದು ಓಡಿಸೋದನ್ನ ಇಲ್ಲಿ ದುಡ್ಡು ಕೊಟ್ಟು ತರ್ತೀರೇನೋ?” ಎಂದು ಅವರು ಮಗನನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ.

ಹುಡುಗಿ ಬಯಸಿದ್ದು ‘ಲೆಪರ್ಡ್ ಗೆಕೊ’ ಎಂಬ ಚಿರತೆ ಹಲ್ಲಿ. ಹಳದಿ ಮೈ, ಕಪ್ಪು ಚುಕ್ಕೆ, ಕೊಬ್ಬನ್ನು ಕೂಡಿಟ್ಟುಕೊಂಡು ದಪ್ಪವಾದ ಬಾಲ. ಇದರ ಮೂಲಸ್ಥಾನ ಅಫ್ಘಾನಿಸ್ತಾನ, ಪಾಕಿಸ್ತಾನ, ಭಾರತದ ವಾಯವ್ಯ ಭಾಗ. ಇದರ ಹತ್ತಿರದ ದಾಯಾದಿಯೊಂದು ಗುಜರಾತು, ಮಹಾರಾಷ್ಟ್ರಗಳಿಂದ ನಮ್ಮ ಉತ್ತರ ಕರ್ನಾಟಕದ ಒಣ ನೆಲದವರೆಗೂ ಇರುವುದುಂಟು. ಸ್ವಲ್ಪವೂ ವಿಷವಿಲ್ಲದ ಈ ಬಡಪ್ರಾಣಿಯನ್ನು ನಮ್ಮ ದೇಶದ ಅನೇಕ ಕಡೆ ಘೋರ ವಿಷಜಂತುವೆಂದು ನಂಬಿ ಕಂಡಲ್ಲಿ ಕಲ್ಲಿನಿಂದ ಜಜ್ಜುವರು. ಅದೇ ವಂಶದ ಪ್ರಾಣಿಗೆ ಜರ್ಮನಿಯಲ್ಲಿ ಹೆಸರಿಟ್ಟು, ತೂಕ ನೋಡಿ, ಕಾಯಿಲೆಯಾದರೆ ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ.

ಬರಿದಾದ ಮನೆ

ನಾಯಿಯನ್ನೋ ಬೆಕ್ಕನ್ನೋ ಸಾಕುವುದಕ್ಕೂ ಸರೀಸೃಪವನ್ನು ಸಾಕುವುದಕ್ಕೂ ಇರುವ ಅಂತರ ಒಂದೇ ಮಾತಿನಲ್ಲಿ ಹೇಳುವಂಥದು. ನಾಯಿ ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುವುದು. ಹಲ್ಲಿ ಹೊರಗಿನಿಂದ ಎರವಲು ತರಬೇಕು. ಕಾಡಿನಲ್ಲಿ ಅದಕ್ಕೆ ಬಿಸಿಲಿನ ಬಂಡೆಯಿದೆ, ಬಂಡೆಯ ಕೆಳಗೆ ತಂಪಿದೆ. ಬೇಕಾದಾಗ ಅಲ್ಲಿಂದ ಇಲ್ಲಿಗೆ ಸರಿದುಕೊಳ್ಳುವುದು. ಗಾಜಿನ ಪೆಟ್ಟಿಗೆಯೊಳಗೆ ಈ ಬಿಸಿಲು ನೆರಳುಗಳೆರಡನ್ನೂ ಸಾಕುವವನೇ ಸೃಷ್ಟಿಸಿಕೊಡಬೇಕು. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ. ಶಾಖ ಸಾಲದಿದ್ದರೆ ತಿಂದ ಆಹಾರವೂ ಹೊಟ್ಟೆಯಲ್ಲಿ ಅರಗದೆ ಉಳಿಯುವುದು. ಮೇಲಾಗಿ ಹಲ್ಲಿ ಬೊಗಳುವುದಿಲ್ಲ, ಕುಂಯ್ಗುಡುವುದಿಲ್ಲ, ಕಾಲಿಗೆ ಸುತ್ತಿಕೊಂಡು ಹಸಿವನ್ನು ಹೇಳುವುದಿಲ್ಲ. ಅದಕ್ಕೆ ಕಾಯಿಲೆಯೆಂದು ನಮಗೆ ತಿಳಿಯುವ ವೇಳೆಗೆ ಬಹಳ ಸಲ ಹೊತ್ತು ಮೀರಿರುತ್ತದೆ. ಹೊಸಬರ ಮನೆಗಳಲ್ಲಿ ಈ ಪ್ರಾಣಿಗಳು ಸಾಯುವುದು ಕ್ರೌರ್ಯದಿಂದಲ್ಲ, ಬಹುಪಾಲು ಅಳತೆಯ ತಪ್ಪಿನಿಂದ.

ಜರ್ಮನರು ಇದನ್ನು ಕಲಿಯಲು ಆರಂಭಿಸಿ ಬಹುಕಾಲವಾಯಿತು. ಯೋಹಾನ್ ಫಾನ್ ಫಿಷರ್ ಎಂಬಾತ ‘ಟೆರೇರಿಯಂ’ ಕುರಿತು ದೊಡ್ಡ ಗ್ರಂಥವನ್ನು 1884ರಲ್ಲಿಯೇ ಪ್ರಕಟಿಸಿದ್ದ. 1918ರಲ್ಲಿ, ಮೊದಲ ಮಹಾಯುದ್ಧ ಮುಗಿಯುತ್ತಿದ್ದ ವರ್ಷ, ‘ಸಲಮಾಂಡರ್’ ಎಂಬ ಸಂಘ ಹುಟ್ಟಿತು. ಅದರ ಪರಂಪರೆಯನ್ನು 1964ರಿಂದ ‘ಡಿ.ಜಿ.ಎಚ್.ಟಿ.’ ಎಂಬ ಸಂಸ್ಥೆ ಮುಂದುವರಿಸುತ್ತಿದೆ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಮನೆಯಲ್ಲಿ ಒಂದೇ ಒಂದು ಆಮೆ ಸಾಕಿದವರೂ ಒಂದೇ ಸಂಘದ ಸದಸ್ಯರಾಗಿ ಒಟ್ಟಿಗೆ ಕುಳಿತುಕೊಳ್ಳುವುದು ಇದರ ವಿಶೇಷ. ಊರೂರಿನಲ್ಲಿ ಅದರ ಶಾಖೆಗಳು ಸಭೆ ಸೇರುತ್ತವೆ. ಬೇಕಾದವರಿಗೆ ಪಾಠ, ಪರೀಕ್ಷೆ, ಪ್ರಮಾಣಪತ್ರಗಳೂ ಉಂಟು. ಹಾಮ್‌ಗೆ ಅನತಿದೂರದ ಮ್ಯೂನ್ಸ್ಟರ್ ನಗರದ ಪ್ರಕಾಶನವೊಂದು ಒಂದೊಂದು ಜಾತಿಯ ಪ್ರಾಣಿಗೂ ಒಂದೊಂದು ಪುಟ್ಟ ಪುಸ್ತಕದಂತೆ ಮಾಲೆಯನ್ನೇ ಹೊರತಂದಿದೆ.

ಕಾನೂನೂ ಸುಮ್ಮನಿಲ್ಲ. ಪ್ರಾಣಿಯನ್ನು ಸಾಕುವವನಿಗೆ ಅದರ ಪಾಲನೆಗೆ ಬೇಕಾದ ಜ್ಞಾನವೂ ಕೌಶಲವೂ ಇರಲೇಬೇಕೆಂದು ಅಲ್ಲಿಯ ಪ್ರಾಣಿರಕ್ಷಣಾ ಶಾಸನ ಹೇಳುವುದು. ದಯೆಯಿದ್ದರೆ ಸಾಲದು, ತಿಳಿವಳಿಕೆ ಬೇಕು! ಯಾವ ಸರೀಸೃಪಕ್ಕೆ ಎಷ್ಟು ಜಾಗವೆಂಬುದನ್ನು 1997ರಲ್ಲಿ ತಜ್ಞರು ಸರ್ಕಾರಕ್ಕೆ ಬರೆದುಕೊಟ್ಟರು. ಅಡಿ ಅಂಗುಲಗಳಲ್ಲಿ ಅಲ್ಲ, ಆ ಪ್ರಾಣಿಯ ಮೈಯ ಉದ್ದವನ್ನೇ ಅಳತೆಗೋಲಾಗಿ ಮಾಡಿಕೊಂಡು. ಪ್ರಾಣಿ ಬೆಳೆದಂತೆ ಮನೆಯೂ ಬೆಳೆಯಬೇಕು. 2014ರಿಂದ ಈಚೆಗೆ, ವ್ಯಾಪಾರಿಯು ಕೊಳ್ಳುವವನ ಕೈಗೆ ಆ ಪ್ರಾಣಿಯ ಅಗತ್ಯಗಳನ್ನು ಬರವಣಿಗೆಯಲ್ಲಿ ಕೊಡಬೇಕೆಂಬ ನಿಯಮವೂ ಬಂದಿದೆ.

ನಮ್ಮ ಹುಡುಗಿ ಶಾಖೆಯ ಸಭೆಗೆ ತಂದೆಯೊಡನೆ ಎರಡು ಬಾರಿ ಹೋಗಿದ್ದಳು. ಅಲ್ಲಿಯ ಹಿರಿಯರು ಅವಳಿಗೆ ಕೊಟ್ಟ ಮೊದಲ ಪಾಠ ವಿಚಿತ್ರವಾದದ್ದು: “ಹಲ್ಲಿಯನ್ನು ತರಬೇಡ, ಮನೆಯನ್ನು ಮಾತ್ರ ಕಟ್ಟು. ಆರು ವಾರ ಬರಿದಾದ ಮನೆಯನ್ನೇ ಸಾಕು.” ಅಂತೆಯೇ ಅವಳ ಕೋಣೆಯಲ್ಲಿ ಉದ್ದನೆಯ ಗಾಜಿನ ಪೆಟ್ಟಿಗೆಯೊಂದು, ದೀಪ, ಕಲ್ಲು, ಅಡಗುದಾಣ, ನೀರಿನ ಬಟ್ಟಲು ಎಲ್ಲವನ್ನೂ ಹೊಂದಿಕೊಂಡು ನಿವಾಸಿಯಿಲ್ಲದೆ ಬೆಳಗುತ್ತಿತ್ತು. ಪಕ್ಕದಲ್ಲಿ ನೋಟುಪುಸ್ತಕ. ದಿನಕ್ಕೆ ಮೂರು ಬಾರಿ ಶಾಖವನ್ನು ಬರೆಯಬೇಕು.

ಆ ಪುಸ್ತಕದ ಮೊದಲ ಪುಟಗಳನ್ನು ಓದಿ ನಾವು ತುಂಬ ಕಲಿತೆವು. ಮೊದಲ ವಾರ ಪ್ರತಿದಿನವೂ 29 ಡಿಗ್ರಿ ಎಂದಿದೆ. ಗಾಜಿಗೆ ಅಂಟಿಸಿದ ದುಂಡು ಉಷ್ಣಮಾಪಕ ತೋರಿಸಿದ್ದು ಅದನ್ನು. ಎಂಟನೆಯ ದಿನ ಯಾರೋ ಹೇಳಿದ್ದರಿಂದ ತಂತಿಯ ತುದಿಯಲ್ಲಿ ಅಳೆಯುವ ಇನ್ನೊಂದು ಮಾಪಕವನ್ನು ದೀಪದ ಕೆಳಗಿನ ಕಲ್ಲಿನ ಮೇಲೆಯೇ ಇಟ್ಟಳು. 46 ಡಿಗ್ರಿ! ಹಲ್ಲಿ ಹೊಟ್ಟೆಯೂರಿ ಮಲಗುವ ಜಾಗ ಅದು. ಗಾಜಿನ ಗೋಡೆ ಸುಖವಾಗಿರಬಹುದು, ಕಲ್ಲು ಸುಡುತ್ತಿರಬಹುದು. ಗೋಡೆಯ ಮೇಲೆ ಮಲಗುವ ಪ್ರಾಣಿಯಲ್ಲ ಇದು. ಶಾಖ ಹದ ಮೀರಿದೊಡನೆ ತಾನಾಗಿ ವಿದ್ಯುತ್ತನ್ನು ಕಡಿದುಹಾಕುವ ಉಪಕರಣವೊಂದನ್ನು ಎಂಜಿನಿಯರು ತಂದೆ ಜೋಡಿಸಿದ ಮೇಲೆ ಬೆಚ್ಚಗಿನ ತುದಿ 32ಕ್ಕೂ, ತಂಪಿನ ತುದಿ 24ಕ್ಕೂ ಬಂದು ನಿಂತವು. ಆ ಒಂದು ವಾರ ಪೆಟ್ಟಿಗೆಯೊಳಗೆ ಹಲ್ಲಿಯಿದ್ದಿದ್ದರೆ ಏನಾಗುತ್ತಿತ್ತೆಂದು ಕೇಳುವ ಅಗತ್ಯವಿಲ್ಲ.

ಇಷ್ಟಕ್ಕೇ ಮುಗಿಯಿತೆಂದರೆ ಅದೂ ಇಲ್ಲ. ಒದ್ದೆ ಪಾಚಿ ತುಂಬಿದ ಚಿಕ್ಕ ಗೂಡೊಂದು ಬೇಕು. ಪೊರೆ ಬಿಡುವಾಗ ಹಲ್ಲಿ ಅದರೊಳಗೆ ಹೊಕ್ಕು ಕೂರುವುದು. ತೇವ ಸಾಲದಿದ್ದರೆ ಬೆರಳುಗಳ ಸುತ್ತ ಹಳೆಯ ಚರ್ಮ ದಾರದಂತೆ ಬಿಗಿದು, ರಕ್ತ ನಿಂತು, ಬೆರಳೇ ಉದುರಿ ಹೋಗುತ್ತದೆ. ತಿನ್ನುವ ಹುಳಕ್ಕೆ ಸುಣ್ಣಾಂಶದ ಪುಡಿ ಸವರಬೇಕು. ಜೊತೆಗೆ ವಿಟಮಿನ್ ‘ಡಿ’ ಅಥವಾ ಅದನ್ನು ಹುಟ್ಟಿಸುವ ನೇರಳಾತೀತ ಬೆಳಕು ಬೇಕು. ಇಲ್ಲವಾದರೆ ದೇಹವು ತನ್ನ ಎಲುಬಿನಿಂದಲೇ ಸುಣ್ಣವನ್ನು ತೆಗೆದುಕೊಳ್ಳತೊಡಗಿ, ದವಡೆ ಮೆತ್ತಗಾಗಿ, ಕಾಲು ಸೊಟ್ಟಗಾಗಿ, ಪ್ರಾಣಿ ನಿಲ್ಲಲಾರದೆ ಹೋಗುವುದು. ಬಿಸಿಲು ಕಾಣದ ಮಕ್ಕಳಿಗೆ ಬರುವ ಎಲುಬಿನ ರೋಗಕ್ಕೆ ಇದು ಸೋದರ. ಹಲ್ಲಿಯನ್ನೋ ಆಮೆಯನ್ನೋ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯುವುದು ಇನ್ನೊಂದು ಕಟ್ಟಳೆ. ಅವುಗಳ ಮೈಮೇಲಿರಬಹುದಾದ ಸಾಲ್ಮೊನೆಲ್ಲಾ ರೋಗಾಣು ಮನೆಯ ಹಸುಳೆಗಳಿಗೆ ಒಳ್ಳೆಯದಲ್ಲ. ಮಡಿಯ ವಿಷಯದಲ್ಲಿ ಅಜ್ಜಿಯವರು ಒಪ್ಪಿದ ಮೊದಲ ಮಾತು ಇದೇ.

ಅತ್ಯಂತ ಕಠಿಣವಾದ ಪ್ರಶ್ನೆ ಆಹಾರದ್ದಾಗಿತ್ತು. ಚಿರತೆ ಹಲ್ಲಿ ಜೀವಂತ ಕೀಟಗಳನ್ನಲ್ಲದೆ ಬೇರೇನನ್ನೂ ತಿನ್ನದು. ಮನೆಯೋ ಈರುಳ್ಳಿಯನ್ನೂ ಏಕಾದಶಿಯ ದಿನ ಮುಟ್ಟದ ಮನೆ. ಚಿಮ್ಮಂಡೆಗಳನ್ನು ಪೆಟ್ಟಿಗೆಯಲ್ಲಿ ತಂದಿಟ್ಟುಕೊಂಡು, ಅವುಗಳಿಗೆ ಕ್ಯಾರೆಟ್ಟನ್ನೂ ಸೊಪ್ಪನ್ನೂ ಉಣಿಸಿ ಪುಷ್ಟಿಪಡಿಸಿ, ಅನಂತರ ಹಲ್ಲಿಗೆ ಕೊಡಬೇಕು. ತಾಯಿ ಎರಡು ದಿನ ಯೋಚಿಸಿ, “ಅಡಿಗೆ ಮನೆಗೆ ಬರಕೂಡದು, ಅಡಿಗೆ ಮನೆಯ ಚಾಕುವನ್ನು ಮುಟ್ಟಕೂಡದು, ಒಂದೂ ತಪ್ಪಿಸಿಕೊಂಡು ಓಡಾಡಕೂಡದು” ಎಂಬ ಮೂರು ಷರತ್ತುಗಳ ಮೇಲೆ ಒಪ್ಪಿಗೆಯಿತ್ತರು. ಹುಲಿಯನ್ನು ಸೃಷ್ಟಿಸಿದವನು ಹುಲ್ಲು ತಿನ್ನೆಂದು ಅದಕ್ಕೆ ಹೇಳಲಿಲ್ಲವಷ್ಟೆ, ಎಂದು ಅಜ್ಜಿಯವರು ಸೊಸೆಯ ಪರವಾಗಿಯೋ ಮೊಮ್ಮಗಳ ಪರವಾಗಿಯೋ ತಿಳಿಯದಂಥ ಮಾತೊಂದನ್ನು ಆಡಿದರು.

ಸಂತೆಯೊಳಗೆ

ಸೆಪ್ಟೆಂಬರ್ ತಿಂಗಳ ಶನಿವಾರ ಬೆಳಗ್ಗೆ ನಾವು ಹಾಮ್ ಮುಟ್ಟಿದಾಗ ಸಭಾಂಗಣದ ಮುಂದೆ ಸಾಲು ಆಗಲೇ ಬಹಳ ಉದ್ದ ಬೆಳೆದಿತ್ತು. ಜರ್ಮನ್, ಡಚ್, ಫ್ರೆಂಚ್, ಇಟಾಲಿಯನ್, ಚೆಕ್, ಇಂಗ್ಲಿಷ್, ಎಲ್ಲ ಭಾಷೆಗಳೂ ಕಿವಿಗೆ ಬಿದ್ದವು. ಕೈಗಳಲ್ಲಿ ಬಿಳಿಯ ಥರ್ಮೊಕೋಲ್ ಪೆಟ್ಟಿಗೆಗಳು. ಮೈಮೇಲೆ ಹಾವಿನ ಹಚ್ಚೆ ಹಾಕಿಸಿಕೊಂಡ ತರುಣರ ಪಕ್ಕದಲ್ಲಿಯೇ ಕೋಟು ತೊಟ್ಟ ಶಾಲಾ ಮಾಸ್ತರರಂಥವರೂ, ಮಗುವಿನ ಗಾಡಿ ತಳ್ಳುವ ತಾಯಂದಿರೂ ಇದ್ದರು. ಅಜ್ಜಿಯವರ ರೇಷ್ಮೆ ಸೀರೆಯೇ ಎಲ್ಲರ ಕಣ್ಣಿಗೂ ಹೆಚ್ಚು ವಿಚಿತ್ರವಾಗಿ ಕಂಡಿತೆಂದು ತೋರುತ್ತದೆ.

ಒಳಗೆ ಮೇಜುಗಳ ಸಾಲೋ ಸಾಲು. ಮೇಜಿನ ಮೇಲೆ ನಮ್ಮ ಬೇಕರಿಗಳಲ್ಲಿ ಸಿಹಿ ತುಂಬಿಕೊಡುವಂಥ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳು. ಮುಚ್ಚಳದಲ್ಲಿ ಗಾಳಿಯ ತೂತುಗಳು. ಒಂದೊಂದರಲ್ಲಿ ಒಂದೊಂದು ಜೀವ. ಮೇಲೆ ಲ್ಯಾಟಿನ್ ಹೆಸರು, ಬೆಲೆ, ಮತ್ತು ಕ್ರಿಕೆಟ್ ಪಟ್ಟಿಯಂಥ ಅಂಕಿಗಳು. ‘1.0’ ಎಂದರೆ ಒಂದು ಗಂಡು, ‘0.1’ ಎಂದರೆ ಒಂದು ಹೆಣ್ಣು; ‘0.0.1’ ಎಂದರೆ ಯಾವುದೆಂದು ಇನ್ನೂ ತಿಳಿಯದು. ಜಗತ್ತಿನ ಸರೀಸೃಪ ಸಾಕಣೆಗಾರರೆಲ್ಲರ ಲಿಪಿ ಇದೇ ಅಂತೆ. ಅಮೆರಿಕದ ಕಾರ್ನ್ ಸ್ನೇಕ್ ಎಂಬ ಕಿತ್ತಳೆ ಬಣ್ಣದ ಹಾವುಗಳು ಜಡೆಗೆ ಕಟ್ಟುವ ರಿಬ್ಬನ್ನಿನಂತೆ ಸುರುಳಿ ಸುತ್ತಿ ಮಲಗಿದ್ದವು. ಹೊಸಬರಿಗೆ ಇದು ಸುಲಭದ ಹಾವು. ಹೆಪ್ಪುಗಟ್ಟಿಸಿದ ಇಲಿಯನ್ನು ಕರಗಿಸಿ ಕೊಟ್ಟರೆ ತಿನ್ನುವುದು. ಆದರೆ ಮುಚ್ಚಳದಲ್ಲಿ ಬೆರಳಗಲ ಬಿರುಕು ಉಳಿದರೂ ರಾತ್ರಿಯೊಳಗೆ ಮಾಯವಾಗುವುದು. ಗಂಟಲ ಕೆಳಗೆ ಮುಳ್ಳಿನ ಗಡ್ಡವಿರುವ ಆಸ್ಟ್ರೇಲಿಯದ ಓತಿಗಳು ನಮ್ಮನ್ನು ನ್ಯಾಯಾಧೀಶರಂತೆ ದಿಟ್ಟಿಸಿದವು. ಆಸ್ಟ್ರೇಲಿಯವು ತನ್ನ ಪ್ರಾಣಿಗಳ ರಫ್ತನ್ನು ಬಹುಕಾಲದ ಹಿಂದೆಯೇ ನಿಲ್ಲಿಸಿದೆ. ಈಗ ಯೂರೋಪಿನ ಮನೆಗಳಲ್ಲಿರುವುವು ತಲೆತಲಾಂತರದಿಂದ ಪೆಟ್ಟಿಗೆಯಲ್ಲೇ ಹುಟ್ಟಿ ಬೆಳೆದವು.

ಆಮೆಯ ಮೇಜಿನ ಮುಂದೆ ನಾವು ಕೇಳಿದ ಸಂಗತಿಯನ್ನು ಬರೆಯದಿರಲಾರೆವು. ಮೆಡಿಟರೇನಿಯನ್ ತೀರದ ಆಮೆಗೆ ಚಳಿಗಾಲದ ನಿದ್ರೆ ಬೇಕೇ ಬೇಕು. ಅದಕ್ಕಾಗಿ ಜರ್ಮನ್ ಸಾಕಣೆಗಾರರು ಅದನ್ನು ಮಣ್ಣೂ ತರಗೆಲೆಯೂ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ರೆಫ್ರಿಜರೇಟರಿನೊಳಗೆ ಇಡುತ್ತಾರೆ! ನಾಲ್ಕರಿಂದ ಆರು ಡಿಗ್ರಿಗಳ ತಂಪಿನಲ್ಲಿ ಅದು ತಿಂಗಳುಗಟ್ಟಲೆ ಮಲಗುತ್ತದೆ. ಆಗಾಗ ಬಾಗಿಲು ತೆರೆದು ಗಾಳಿಯಾಡಿಸಿ, ತೂಕ ನೋಡಿ, ಮತ್ತೆ ಮುಚ್ಚುವರು. ಪ್ರತಿ ಆಮೆಗೂ ಸರ್ಕಾರದ ಪತ್ರವುಂಟು. ಚಿಪ್ಪಿನ ಭಾವಚಿತ್ರವೂ ಲಗತ್ತಾಗಿರುವುದು. ಅರವತ್ತು ವರ್ಷ ಬದುಕಬಲ್ಲ ಈ ಪ್ರಾಣಿಯನ್ನು ಕೊಳ್ಳುವವರು ಮೊಮ್ಮಕ್ಕಳನ್ನೂ ಕೇಳಿ ಕೊಳ್ಳಬೇಕು.

ಹುಡುಗಿ ಬಂದ ಕೆಲಸವನ್ನು ಮರೆತಿರಲಿಲ್ಲ. ಚಿರತೆ ಹಲ್ಲಿಯ ಮೇಜುಗಳನ್ನು ಒಂದೊಂದಾಗಿ ನೋಡುತ್ತ ಹೋಗಿ, ಕೊನೆಗೆ ಹಿಂದಿನ ಸಾಲಿನ ಮೂಲೆಯಲ್ಲಿ ನಿಂತಳು. ಅಲ್ಲಿ ಕುಳಿತಿದ್ದವರು ಎಪ್ಪತ್ತು ದಾಟಿದ ವೃದ್ಧರು, ಒಂದು ಕಾಲಕ್ಕೆ ಗಣಿಯಲ್ಲಿ ದುಡಿದವರು. ಆ ಸೀಮೆಯ ಗಣಿಗಾರರು ಹಿಂದೆ ಪಂದ್ಯದ ಪಾರಿವಾಳಗಳನ್ನು ಸಾಕುವುದಕ್ಕೆ ಹೆಸರಾಗಿದ್ದರು. ತಮ್ಮ ತಂದೆಯೂ ಪಾರಿವಾಳದವರೇ, ತಾವು ಮಾತ್ರ ನೆಲಕ್ಕೆ ಇಳಿದೆವೆಂದು ಅವರು ನಕ್ಕರು. ಅವರ ಮೇಜಿನ ಮೇಲೆ ಇದ್ದದ್ದು ಹನ್ನೊಂದೇ ಹಲ್ಲಿಗಳು. ನಮಗಿಂತ ಮುಂದೆ ನಿಂತಿದ್ದ ತರುಣನೊಬ್ಬ ಎರಡು ಬೇಕೆಂದ. ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡುವೆಯಾ ಎಂದು ಕೇಳಿದರು. ಹೌದೆಂದ. ಎರಡೂ ಗಂಡು, ಕಾದಾಡಿ ಸಾಯುವುವು, ಕೊಡುವುದಿಲ್ಲ ಎಂದರು. ಹಣವನ್ನು ಮುಂದೆ ಚಾಚಿದ. ಮುದುಕರು ಡಬ್ಬಿಯ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತರು. ತರುಣ ಗೊಣಗುತ್ತ ಮುಂದಿನ ಮೇಜಿಗೆ ಹೋದ. ಅಲ್ಲಿ ಅವನಿಗೆ ಎರಡು ಸಿಕ್ಕಿದವೆಂಬುದನ್ನೂ ಹೇಳಬೇಕು.

ಆಮೇಲೆ ನಮ್ಮ ಹುಡುಗಿಯ ಪರೀಕ್ಷೆ. ತಂದೆ ನಮಗಾಗಿ ಕನ್ನಡದಲ್ಲಿ ಪಿಸುಗುಟ್ಟುತ್ತ ಹೋದರು.

“ಬೆಚ್ಚಗಿನ ತುದಿ ಎಷ್ಟು?”

“32. ಕಲ್ಲಿನ ಮೇಲೆ ಅಳೆದದ್ದು, ಗಾಜಿನ ಮೇಲಲ್ಲ.”

ಮುದುಕರ ಹುಬ್ಬು ಮೇಲೇರಿತು. “ಮನೆಗೆ ಹೋದೊಡನೆ ಏನು ಮಾಡುವೆ?”

“ಪೆಟ್ಟಿಗೆಯೊಳಗೆ ಬಿಟ್ಟು ಬಾಗಿಲು ಹಾಕುವೆ. ಒಂದು ವಾರ ಮುಟ್ಟುವುದಿಲ್ಲ.”

“ಅದರ ಹಿಕ್ಕೆಯನ್ನು?”

“ಡಬ್ಬಿಯಲ್ಲಿ ಹಾಕಿ ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳುಹಿಸುವೆ.”

ಇದನ್ನು ಅನುವಾದಿಸುವಾಗ ತಂದೆಯ ದನಿ ಸ್ವಲ್ಪ ಕುಗ್ಗಿತು. ಅಜ್ಜಿಯವರು ಕಿವಿ ಮುಚ್ಚಿಕೊಂಡರು. ಆದರೆ ಅದು ಅಲ್ಲಿಯ ರೂಢಿ. ಕರುಳಿನಲ್ಲಿ ಪರೋಪಜೀವಿಗಳಿವೆಯೇ ಎಂದು ಹಾಗೆ ಪರೀಕ್ಷಿಸಿ ಕಾಗದ ಬರೆಯುವ ಪ್ರಯೋಗಾಲಯಗಳಿವೆ. ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಪಟ್ಟಿಯನ್ನೂ ಸಂಘದವರೇ ಕೊಡುವರು. ಬೀದಿಯ ಮೂಲೆಯ ವೈದ್ಯರೆಲ್ಲರಿಗೂ ಹಲ್ಲಿಯ ನಾಡಿ ತಿಳಿಯದಷ್ಟೆ.

ಕೊನೆಯ ಪ್ರಶ್ನೆಗೆ ಮುದುಕರು ಕನ್ನಡಕವನ್ನು ತೆಗೆದರು. “ಇದು ಇಪ್ಪತ್ತು ವರ್ಷ ಬದುಕಬಹುದು. ಆಗ ನಿನಗೆಷ್ಟು?”

“ಮೂವತ್ತೆರಡು.”

“ಓದಲು ಬೇರೆ ಊರಿಗೆ ಹೋದರೆ? ಮದುವೆಯಾದರೆ?”

ಅವಳು ಇದಕ್ಕೆ ಸಿದ್ಧವಾಗಿರಲಿಲ್ಲ. ತಂದೆಯ ಕಡೆಗೆ ನೋಡಿದಳು. ತಂದೆ ಅಜ್ಜಿಯ ಕಡೆಗೆ ನೋಡಿದರು. ಏನು ಕೇಳಿದರೆಂದು ತಿಳಿದ ಮೇಲೆ ಅಜ್ಜಿಯವರು, “ಕರಕೊಂಡು ಹೋಗ್ತಾಳೆ ಅಂತ ಹೇಳೋ. ಸಾಕಿದ ಮೇಲೆ ಬಿಟ್ಟು ಹೋಗೋದುಂಟೆ?” ಎಂದರು. ಅನುವಾದವನ್ನು ಕೇಳಿ ಮುದುಕರು ಎದ್ದುನಿಂತು ಅಜ್ಜಿಯವರ ಕೈ ಕುಲುಕಿದರು.

ಡಬ್ಬಿಯ ಮುಚ್ಚಳ ತೆರೆದಾಗ ಅಜ್ಜಿಯವರು ಮೊದಲ ಬಾರಿಗೆ ಹತ್ತಿರದಿಂದ ನೋಡಿದರು. “ಇದು ಕಣ್ಣು ಮಿಟುಕಿಸತ್ತಲ್ಲೇ, ಪುಟ್ಟೀ!” ನಮ್ಮ ಗೋಡೆಯ ಹಲ್ಲಿಗೆ ರೆಪ್ಪೆಯಿಲ್ಲ, ಇದಕ್ಕುಂಟು. ಇನ್ನೊಂದು ವ್ಯತ್ಯಾಸವೂ ಇದೆ: ಗೋಡೆಗೆ ಅಂಟಿಕೊಳ್ಳುವ ಅಂಗಾಲಿನ ಮೆತ್ತೆ ಇದಕ್ಕಿಲ್ಲ. ಮಾಡಿನ ಮೇಲೆ ಹತ್ತಲಾರದ ಪ್ರಾಣಿ ಯಾರ ತಲೆಯ ಮೇಲೂ ಬೀಳಲಾರದು. ಪಂಚಾಂಗದ ಫಲಗಳು ಇದಕ್ಕೆ ಅನ್ವಯಿಸುವುದಿಲ್ಲವೆಂದು ಮೊಮ್ಮಗಳು ವಾದಿಸಿದಳು. ವಾದ ಗೆದ್ದಿತು.

ಅದು ಐದು ತಿಂಗಳ ಹೆಣ್ಣು, 24 ಗ್ರಾಂ ತೂಕ, 40 ಯೂರೋ ಬೆಲೆ. ಪೆಟ್ಟಿಗೆ, ದೀಪ, ಉಪಕರಣಗಳಿಗೆ ಆಗಿದ್ದ ಖರ್ಚು ಇದರ ಹಲವು ಪಾಲು. ಹೆಣ್ಣೆಂದು ಹೇಗೆ ಖಂಡಿತವಾಗಿ ಹೇಳುವಿರಿ ಎಂದು ನಾವು ಕೇಳಿದೆವು. ಮೊಟ್ಟೆಗಳನ್ನು 26 ಡಿಗ್ರಿಯ ಆಸುಪಾಸಿನಲ್ಲಿ ಕಾವಿಗಿಟ್ಟರೆ ಬಹುಪಾಲು ಹೆಣ್ಣು, 32ರಲ್ಲಿಟ್ಟರೆ ಬಹುಪಾಲು ಗಂಡು ಎಂದರು ಮುದುಕರು. ಈ ವಂಶದಲ್ಲಿ ಗಂಡೋ ಹೆಣ್ಣೋ ಎಂಬುದನ್ನು ಬರೆಯುವವನು ಬ್ರಹ್ಮನಲ್ಲ, ಉಷ್ಣಮಾಪಕ.

ಸಂತೆಯ ಇನ್ನೊಂದು ಮುಖ

ಎಲ್ಲ ಮೇಜುಗಳ ಹಿಂದೆಯೂ ಇಂಥ ಮುದುಕರು ಕುಳಿತಿರುವುದಿಲ್ಲ. ಬಣ್ಣದ ಹುಚ್ಚಿಗೆ ಬೆಳೆಸಿದ ತಳಿಗಳು ಅಲ್ಲಿ ರಾಶಿ. ಆಫ್ರಿಕದ ಬಾಲ್ ಪೈಥಾನ್ ಎಂಬ ಹೆಬ್ಬಾವಿನಲ್ಲಿ ‘ಸ್ಪೈಡರ್’ ಎಂಬ ಅಂದದ ತಳಿಯೊಂದಿದೆ. ಆ ಅಂದದ ಜೊತೆಗೆ ನರದೋಷವೂ ಹುಟ್ಟಿಬಂದು, ತಲೆ ತೂಗಾಡುವುದು, ಒಮ್ಮೊಮ್ಮೆ ಹಾವು ತಲೆಕೆಳಗಾಗಿ ತಿರುಚಿಕೊಳ್ಳುವುದು. ಚಿರತೆ ಹಲ್ಲಿಯಲ್ಲಿಯೂ ‘ಎನಿಗ್ಮ’ ಎಂಬ ಅಂಥದೇ ತಳಿಯುಂಟು. ಅದು ಸುತ್ತಿದಲ್ಲೇ ಸುತ್ತುತ್ತದೆ. ಇದನ್ನು ಅಂದವೆಂದು ಕರೆದು ಬೆಲೆ ಏರಿಸುವುದು ನಮಗೆ ಸರಿಯೆನಿಸಲಿಲ್ಲ. ಸಂತೆಯ ಮುಂದೆ ಪ್ರಾಣಿರಕ್ಷಕರು ಫಲಕ ಹಿಡಿದು ನಿಲ್ಲುವುದಕ್ಕೆ ಕಾರಣವಿಲ್ಲದಿಲ್ಲ.

ಕಾಡಿನಿಂದ ಹಿಡಿದು ತಂದವುಗಳ ಪ್ರಶ್ನೆ ಇನ್ನೂ ಗಂಭೀರ. ಒಂದು ದೇಶ ತನ್ನ ಹಲ್ಲಿಯನ್ನು ಹಿಡಿಯಕೂಡದೆಂದು ಕಾನೂನು ಮಾಡಿದ್ದರೂ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಅದು ಸೇರದಿದ್ದರೆ ಯೂರೋಪಿನಲ್ಲಿ ಬಹಿರಂಗವಾಗಿ ಮಾರಬಹುದೆಂಬ ವಿಪರ್ಯಾಸ ದೀರ್ಘಕಾಲ ನಡೆದುಬಂದಿತು. ಮೂಗಿನ ತುದಿಯಲ್ಲಿ ಕೊಂಬುಳ್ಳ ಶ್ರೀಲಂಕೆಯ ಅಪೂರ್ವ ಓತಿಗಳ ಗತಿ ಹೀಗೆಯೇ ಇತ್ತು. 2019ರಲ್ಲಿ ಜಿನೀವದ ಸಮ್ಮೇಳನದಲ್ಲಿ ಅವುಗಳಿಗೆ ರಕ್ಷಣೆ ದೊರೆಯಿತು. ನಮ್ಮ ನಕ್ಷತ್ರ ಆಮೆಗೂ ಅತ್ಯುನ್ನತ ದರ್ಜೆಯ ರಕ್ಷಣೆ ದೊರೆತದ್ದು ಅದೇ ಸಮ್ಮೇಳನದಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 2018ರ ನವೆಂಬರಿನಲ್ಲಿ, ಕಳ್ಳಸಾಗಣೆಯಾಗಿ ಸಿಂಗಪುರ ಸೇರಿದ್ದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಹಿಂದಿರುಗಿದ್ದವು. ಮನೆಯಲ್ಲಿಟ್ಟರೆ ಅದೃಷ್ಟವೆಂಬ ನಂಬಿಕೆಯಿಂದ ಇವನ್ನು ಕೊಳ್ಳುವವರು ನಮ್ಮಲ್ಲಿಯೂ ಇದ್ದಾರೆ. ನಕ್ಷತ್ರ ಆಮೆಯನ್ನು ನಮ್ಮ ದೇಶದ ಮನೆಯಲ್ಲಿ ಸಾಕುವುದು ಅಪರಾಧವೆಂಬುದನ್ನು ವಾಚಕರು ನೆನಪಿಡುವುದು ಮೇಲು. ಪರದೇಶದಿಂದ ಬಂದ ಹಲವು ಜಾತಿಯ ಹೆಬ್ಬಾವು, ಇಗುವಾನಗಳನ್ನು ಇಟ್ಟುಕೊಂಡವರು ಕೂಡ 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು.

ಕಲಿಯದೆ ಕೊಂಡವರ ಕಥೆಗಳಿಗೂ ಆ ಸೀಮೆಯಲ್ಲಿ ಬರವಿಲ್ಲ. ಹಾಮ್‌ನಿಂದ ಹೆಚ್ಚು ದೂರವಿಲ್ಲದ ಹೆರ್ನೆ ಪಟ್ಟಣದಲ್ಲಿ 2019ರ ಆಗಸ್ಟಿನಲ್ಲಿ ನಾಗರಹಾವೊಂದು ಸಾಕಿದವನ ಮನೆಯಿಂದ ತಪ್ಪಿಸಿಕೊಂಡಿತು. ನಾಲ್ಕು ಮನೆಗಳ ಜನರನ್ನು ಹೊರಗೆ ಕಳುಹಿಸಿ, ಹಲವು ದಿನ ಹುಡುಕಿ ಹಿಡಿದರು. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಾವು ಇದನ್ನು ಕೇಳಿ ನಗಬಹುದು, ಹೆರ್ನೆಯವರು ನಗಲಿಲ್ಲ. 2021ರ ಜನವರಿಯಿಂದ ಆ ಪ್ರಾಂತದಲ್ಲಿ ಅಪಾಯಕರವಾದ ವಿಷಜಂತುಗಳನ್ನು ಹೊಸದಾಗಿ ಸಾಕುವಂತಿಲ್ಲ. ಇನ್ನು ನಾಣ್ಯದಗಲ ಇರುವಾಗ ಕೊಂಡು, ತಟ್ಟೆಯಗಲ ಬೆಳೆದಾಗ ಕೆರೆಗೆ ಎಸೆದ ಕೆಂಪುಕಿವಿಯ ಆಮೆಗಳಂತೂ ಲೆಕ್ಕವಿಲ್ಲ. ಯೂರೋಪು 2016ರಲ್ಲಿ ಅದನ್ನು ಆಕ್ರಮಣಕಾರಿ ಜಾತಿಗಳ ಪಟ್ಟಿಗೆ ಸೇರಿಸಿ ಮಾರಾಟವನ್ನು ನಿಲ್ಲಿಸಿತು. ನಮ್ಮ ಊರುಗಳ ಮೀನಿನ ಅಂಗಡಿಗಳಲ್ಲಿಯೂ ಕಂಡಿರುವ ಪ್ರಾಣಿಯೇ ಅದು. ಯಾರಿಗೂ ಬೇಡವಾದ ಹಾವು, ಆಮೆ, ಉಡಗಳನ್ನು ತೆಗೆದುಕೊಳ್ಳುವುದಕ್ಕೆಂದೇ ಮ್ಯೂನಿಕ್ಕಿನಲ್ಲಿ ಆಶ್ರಯಧಾಮವೊಂದಿದೆ.

ಸಂತೆಯಿಂದ ಹೊರಟ ಮೇಲೆ ಕಾಮಾಕ್ಷಿಯ ದರ್ಶನವಾಗಲೇಬೇಕೆಂದು ಅಜ್ಜಿಯವರ ಹಠ. ಕಂಚಿಯ ವರದರಾಜಸ್ವಾಮಿಯ ಗುಡಿಯಲ್ಲಿ ಚಿನ್ನದ ಹಲ್ಲಿ, ಬೆಳ್ಳಿಯ ಹಲ್ಲಿಗಳನ್ನು ಮುಟ್ಟಿದರೆ ಹಲ್ಲಿಯ ದೋಷ ಪರಿಹಾರವಲ್ಲವೆ? ಕಂಚಿಯ ತಾಯಿ ಇಲ್ಲಿಗೇ ಬಂದಿರುವಾಗ ಬಿಟ್ಟು ಹೋಗುವುದೆಂತು? ತಂದೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿಯೇ ಕುಳಿತರು. ಉಳಿದವರು ಒಳಗೆ ಹೋದೆವು. ತಮಿಳು ತಾಯಂದಿರು ಜರ್ಮನ್ ಭಾಷೆಯಲ್ಲಿ ಮಕ್ಕಳನ್ನು ಗದರಿಸುತ್ತಿದ್ದರು. ಕರ್ಪೂರದ ವಾಸನೆ ಮೈಸೂರಿನದೇ. ಅಜ್ಜಿಯವರು ಪ್ರಸಾದದ ಹೂವೊಂದನ್ನು ತಂದು ಡಬ್ಬಿಯ ಮುಚ್ಚಳದ ಮೇಲಿಟ್ಟರು. ಗಾಳಿಯ ತೂತಿಗೆ ಅಡ್ಡವಾಗುವುದೆಂದು ಮೊಮ್ಮಗಳು ಅದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು.

ನಾವು ಬೆಂಗಳೂರಿಗೆ ಹಿಂದಿರುಗಿದ ಮೇಲೆ ಆ ಮನೆಯಿಂದ ಬಂದ ಮೊದಲ ಸುದ್ದಿ ಸಂತೋಷದ್ದಾಗಿರಲಿಲ್ಲ. ಹಲ್ಲಿ ಏನನ್ನೂ ತಿನ್ನುತ್ತಿಲ್ಲ. ಐದು ದಿನ, ಆರು ದಿನ. ಚಿಮ್ಮಂಡೆಗಳು ಅದರ ಮೂಗಿನ ಮುಂದೆಯೇ ಓಡಾಡುತ್ತಿವೆ. ಹುಡುಗಿ ಶಾಲೆಯಲ್ಲಿ ಅತ್ತಳಂತೆ. ಗಣಿಯ ಮುದುಕರಿಗೆ ದೂರವಾಣಿ ಮಾಡಿದಾಗ ಅವರು, “ಉಳಿದ ಚಿಮ್ಮಂಡೆಗಳನ್ನು ತೆಗೆದುಬಿಡು, ರಾತ್ರಿ ಅವು ಹಲ್ಲಿಯನ್ನೇ ಕಚ್ಚುವುವು. ಗಾಜಿನ ಮೂರು ಬದಿಗೆ ಕಾಗದ ಅಂಟಿಸು. ದೀಪ ಆರಿದ ಮೇಲೆ ನೋಡಲು ಹೋಗಬೇಡ. ಬಾಲ ದಪ್ಪಗಿರುವವರೆಗೆ ನೀನು ಹೆದರಬೇಡ” ಎಂದಷ್ಟೇ ಹೇಳಿ ಇಟ್ಟುಬಿಟ್ಟರಂತೆ.

ಮತ್ತೊಂದು ವಾರದ ಅನಂತರ ಹುಡುಗಿ ನೋಟುಪುಸ್ತಕದ ಪುಟವೊಂದರ ಭಾವಚಿತ್ರ ಕಳುಹಿಸಿದಳು. ಅಕ್ಷರ ಜರ್ಮನ್, ಕೆಳಗೆ ತಂದೆಯ ಕೈಯ ಕನ್ನಡ ಅನುವಾದ. “ಒಂಬತ್ತನೆಯ ದಿನ. ತೂಕ 23 ಗ್ರಾಂ. ರಾತ್ರಿ ಎರಡು ಚಿಮ್ಮಂಡೆ ತಿಂದಿತು. ನಾನು ನಿದ್ದೆ ಹೋಗಿದ್ದೆ. ಅಜ್ಜಿ ನೋಡಿದರು.”